ಎರಡು ಅಂಕಿಗಳಿಂದ ವಿದ್ಯುತ್ತಿನ ಲೆಕ್ಕ

ವಿದ್ಯುಚ್ಛಕ್ತಿಯನ್ನು ನಾವು ಕಣ್ಣಿಂದ ಕಾಣಲಾರೆವು, ತಕ್ಕಡಿಯಲ್ಲಿಟ್ಟು ತೂಗಲಾರೆವು. ಆದರೂ ತಿಂಗಳು ತಿಂಗಳೂ ಅದಕ್ಕೆ ಬೆಲೆ ತೆರುತ್ತೇವೆ. ಕಾಣದ ಈ ವಸ್ತುವಿನ ಲೆಕ್ಕವನ್ನು ಇಡುವುದೆಂತು? ಎರಡೇ ಎರಡು ಅಂಕಿಗಳು ಗೊತ್ತಿದ್ದರೆ ಸಾಕು. ಉಳಿದುದೆಲ್ಲ ಒಂದು ಭಾಗಾಕಾರ, ಒಂದು ಗುಣಾಕಾರ.

ಮೊದಲನೆಯ ಅಂಕಿ ಒತ್ತಡದ್ದು. ಎತ್ತರದ ತೊಟ್ಟಿಯ ನೀರಿಗೆ ನಲ್ಲಿಯಲ್ಲಿ ಒತ್ತಡವಿರುವಂತೆ ತಂತಿಯ ವಿದ್ಯುತ್ತಿಗೂ ಒತ್ತಡವುಂಟು; ಅದರ ಮಾನ ವೋಲ್ಟ್. ಎರಡನೆಯದು ಪ್ರವಾಹ, ಎಂದರೆ ಹರಿಯುವ ವಿದ್ಯುತ್ತಿನ ಪ್ರಮಾಣ. ಅದರ ಮಾನ ಆಂಪಿಯರ್. ಹರಿವಿಗೆ ತಂತಿಯು ಒಡ್ಡುವ ಅಡ್ಡಿಯೇ ಪ್ರತಿರೋಧ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಪ್ರತಿರೋಧವು ದೊರೆಯುತ್ತದೆ. ಇದಕ್ಕೆ ಆಧಾರವಾದ ನಿಯಮವನ್ನು 1827ರಲ್ಲಿ ಪ್ರಕಟಿಸಿದ ಜರ್ಮನಿಯ ವಿಜ್ಞಾನಿ ಜಾರ್ಜ್ ಸೈಮನ್ ಓಮನ ಹೆಸರೇ ಪ್ರತಿರೋಧದ ಮಾನಕ್ಕೂ ಬಂದಿದೆ. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ಬರುವುದು ಸಾಮರ್ಥ್ಯ. ಅದರ ಮಾನ ವಾಟ್.

ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯನ್ನು ತೆಗೆದುಕೊಳ್ಳೋಣ. ಮನೆಯ ಒತ್ತಡ 230 ವೋಲ್ಟ್, ಪೆಟ್ಟಿಗೆ ಎಳೆಯುವ ಪ್ರವಾಹ 5 ಆಂಪಿಯರ್ ಎಂದಿಟ್ಟುಕೊಂಡರೆ, ಪ್ರತಿರೋಧ 46 ಓಮ್, ಸಾಮರ್ಥ್ಯ 1,150 ವಾಟ್. 1,000 ವಾಟ್ ಒಂದು ಗಂಟೆ ದುಡಿದರೆ ಒಂದು ಯೂನಿಟ್; ಆದುದರಿಂದ ಪೆಟ್ಟಿಗೆಯು ಎಡೆಬಿಡದೆ ಒಂದು ಗಂಟೆ ಕಾದರೆ ತಗಲುವುದು 1.15 ಯೂನಿಟ್. ಕಾಯುವ ಉಪಕರಣಗಳಿಗೆ ಈ ಲೆಕ್ಕ ನೇರವಾಗಿ ಒಪ್ಪುತ್ತದೆ. ಮೋಟಾರುಗಳ ವಿಷಯದಲ್ಲಿ ಗುಣಲಬ್ಧವನ್ನು ತುಸು ತಗ್ಗಿಸಬೇಕಾಗುತ್ತದೆ.

ಕಾಯುವುದು ಪೆಟ್ಟಿಗೆಯೊಂದೇ ಅಲ್ಲ. ಅದಕ್ಕೆ ವಿದ್ಯುತ್ತನ್ನು ತರುವ ತಂತಿಗೂ ಅಲ್ಪ ಪ್ರತಿರೋಧವಿರುವುದರಿಂದ ಅದೂ ಕಾಯುತ್ತದೆ. ಇಂಗ್ಲೆಂಡಿನ ಜೂಲನು 1841ರಲ್ಲಿ ಪ್ರಕಟಿಸಿದಂತೆ, ಈ ಕಾವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಪ್ರವಾಹ ಎರಡು ಪಾಲಾದರೆ ಕಾವು ನಾಲ್ಕು ಪಾಲು. ಮೂರು ಪಾಲಾದರೆ ಒಂಬತ್ತು ಪಾಲು.

ದೂರಕ್ಕೆ ವಿದ್ಯುತ್ತನ್ನು ಸಾಗಿಸುವವರು ಮೊದಲು ಎಣಿಸಬೇಕಾದುದು ಈ ನಷ್ಟವನ್ನೇ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದಾಗ, ಒತ್ತಡವನ್ನು 30,000 ವೋಲ್ಟಿಗೆ ಕಡಿಮೆಯಿಲ್ಲದಂತೆ ಏರಿಸಲಾಗಿತ್ತು. ಇದರ ಮರ್ಮ ಈಗ ತಿಳಿದೀತು. ಒತ್ತಡವನ್ನು ನೂರು ಪಾಲು ಹೆಚ್ಚಿಸಿದರೆ, ಅಷ್ಟೇ ಸಾಮರ್ಥ್ಯವನ್ನು ನೂರರಲ್ಲೊಂದು ಪಾಲು ಪ್ರವಾಹದಿಂದ ಸಾಗಿಸಬಹುದು. ಅದೇ ತಂತಿಯಲ್ಲಿ ಕಾವಾಗಿ ಸೋರುವ ನಷ್ಟ ಹತ್ತುಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಹೀಗಲ್ಲದೆ ಕಾವೇರಿಯ ಶಕ್ತಿಯು ಗಣಿಯ ಯಂತ್ರಗಳನ್ನು ಮುಟ್ಟುತ್ತಿರಲಿಲ್ಲ. ದಾರಿಯ ತಂತಿಯನ್ನು ಕಾಯಿಸುವುದರಲ್ಲೇ ಮುಗಿದುಹೋಗುತ್ತಿತ್ತು.

ಮನೆಯೊಳಗೆ ಒತ್ತಡವನ್ನು ಏರಿಸುವಂತಿಲ್ಲ. ಆದುದರಿಂದ ಪ್ರವಾಹದ ಮೇಲೆಯೇ ನಾವು ಕಣ್ಣಿಡಬೇಕು. 5 ಆಂಪಿಯರಿಗೆಂದು ಹಾಕಿದ ತಂತಿಗೆ ಇಸ್ತ್ರಿಪೆಟ್ಟಿಗೆಯೊಡನೆ 2,300 ವಾಟಿನ ನೀರು ಕಾಯಿಸುವ ಉಪಕರಣವನ್ನೂ ಜೋಡಿಸಿದರೆ ಪ್ರವಾಹ 15 ಆಂಪಿಯರ್ ಆಗುತ್ತದೆ. ತಂತಿಯಲ್ಲಿ ಹುಟ್ಟುವ ಕಾವು ಒಂಬತ್ತು ಪಾಲಾಗುತ್ತದೆ. ಆಗ ಫ್ಯೂಸು ಕರಗಿ ಪ್ರವಾಹವನ್ನು ಕಡಿಯುವುದು ನಮ್ಮ ರಕ್ಷಣೆಗಾಗಿಯೇ. ಅದರ ಸ್ಥಾನದಲ್ಲಿ ದಪ್ಪ ತಂತಿಯನ್ನು ಸುತ್ತಿದವರು, ಗೋಡೆಯೊಳಗಿನ ತಂತಿಯೇ ಕರಗುವ ಸರದಿಯನ್ನು ತಂದುಕೊಳ್ಳುತ್ತಾರೆ. ಉಪಕರಣದ ಮೇಲೆ ಬರೆದಿರುವ ವಾಟನ್ನು 230ರಿಂದ ಭಾಗಿಸಿ ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ. ಗುಂಡಿಯನ್ನು ಒತ್ತುವ ಮುನ್ನ ಅಷ್ಟನ್ನು ಮಾಡುವ ಅಭ್ಯಾಸವನ್ನು ನಾವೆಲ್ಲರೂ ಬೆಳೆಸಿಕೊಳ್ಳುವುದು ಲೇಸು.