ಶಾಲೆಯಿಂದ ಬಂದ ಮಗುವಿಗೆ ಏನು ಕೊಡುತ್ತೀರಿ?

"ರಾತ್ರಿ ಊಟವನ್ನೇ ಮಾಡೋಲ್ಲ ಡಾಕ್ಟ್ರೇ, ಹಸಿವಾಗೋ ಹಾಗೆ ಒಂದು ಟಾನಿಕ್ ಬರೆದುಕೊಡಿ" ಎಂದು ತಾಯಂದಿರು ಮಕ್ಕಳನ್ನು ಕರೆತರುವುದುಂಟು. ಸಂಜೆ ಏನು ತಿಂದಿತು ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಟೀ, ನಾಲ್ಕಾರು ಬಿಸ್ಕತ್ತು, ಆಮೇಲೆ ಅಪ್ಪ ತಂದ ಚಿಪ್ಸ್ ಪೊಟ್ಟಣ. ಏಳು ಗಂಟೆಗೇ ಹೊಟ್ಟೆ ತುಂಬಿದ ಮಗು ಎಂಟೂವರೆಗೆ ಹೇಗೆ ಉಂಡೀತು?

ತುಂಬಿರುವುದಾದರೂ ಏನು? ಮೈದಾ, ಸಕ್ಕರೆ, ಜಿಡ್ಡು, ಉಪ್ಪು. ಬೆಳೆಯುವ ದೇಹಕ್ಕೆ ಬೇಕಾದ ಕಬ್ಬಿಣ, ಪ್ರೋಟೀನ್, ಸುಣ್ಣದಂಶ ಅದರಲ್ಲಿ ತೀರಾ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳ ಪೈಕಿ ಶೇ. 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಅಂದರೆ ಎಷ್ಟೋ ಮಕ್ಕಳು ಶಾಲೆಗೆ ಸೇರುವ ಮೊದಲೇ ಬಿಳಿಚಿಕೊಂಡಿರುತ್ತಾರೆ. ಅಂಥವರಿಗೆ ಟೀಯಂತೂ ಬೇಡವೇ ಬೇಡ. ಅದರಲ್ಲಿನ ಟ್ಯಾನಿನ್ ಆಹಾರದ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ.

ಬೇಕಾದುದೆಲ್ಲ ಅಡುಗೆಮನೆಯ ಡಬ್ಬಿಗಳಲ್ಲೇ ಇದೆ. ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಚೆನ್ನಾಗಿ ಮೊಳಕೆ ಬಂದಿರುತ್ತದೆ. ಬೇಯಿಸಿ, ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿದರೆ ಉಸಲಿ ಸಿದ್ಧ. ಇಳಿಸಿದ ಮೇಲೆ ನಿಂಬೆರಸ ಹಿಂಡಲು ಮರೆಯಬೇಡಿ. ಅದರ ಸಿ ಜೀವಸತ್ವ ಕಾಳಿನ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಒಲೆ ಹಚ್ಚಲು ಪುರಸೊತ್ತಿಲ್ಲದ ದಿನ ರಾಗಿ ಹುರಿಹಿಟ್ಟಿಗೆ ಹಾಲು, ಚೂರು ಬೆಲ್ಲ ಸೇರಿಸಿ ಕಲಸಿ ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದಂಶವಿದೆ. (ಬೆಲ್ಲವೆಂದು ಧಾರಾಳ ಮಾಡಬೇಡಿ, ಅದೂ ಸಕ್ಕರೆಯೇ.) ಬಾಳೆಹಣ್ಣು, ಸೀಬೆ, ಬೇಯಿಸಿದ ಕಡಲೆಕಾಯಿ, ತಿನ್ನುವವರಾದರೆ ಒಂದು ಮೊಟ್ಟೆ, ಎಲ್ಲವೂ ಸರಿಯೇ. ಹಬ್ಬದ ಚಕ್ಕುಲಿ, ಕೋಡುಬಳೆಯನ್ನು ಕಿತ್ತುಕೊಳ್ಳಬೇಕಾಗಿಲ್ಲ.

ಕಡಲೆಬೀಜದ ವಿಷಯದಲ್ಲಿ ಮಾತ್ರ ಎಚ್ಚರ. 4 ವರ್ಷದೊಳಗಿನ ಮಗುವಿಗೆ ಇಡೀ ಕಡಲೆಬೀಜ, ಹುರಿಗಡಲೆ ಕೊಡಲೇಬೇಡಿ. ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ನುಣ್ಣಗೆ ಪುಡಿ ಮಾಡಿ ಹುರಿಹಿಟ್ಟಿಗೆ ಬೆರೆಸಬಹುದು. ತಿನ್ನುತ್ತಿದ್ದಾಗ ಮಗು ಇದ್ದಕ್ಕಿದ್ದಂತೆ ಕೆಮ್ಮಿ, ಉಸಿರಾಡುವಾಗ ಸುಂಯ್ ಎಂಬ ಸದ್ದು ಬಂದರೆ, ಕೆಮ್ಮು ನಿಂತಿತೆಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊದಲ ದಿನ ಉಸಲಿಯ ತಟ್ಟೆ ಹಾಗೆಯೇ ವಾಪಸು ಬರಬಹುದು. ಗದರಬೇಡಿ, ಬದಲಿಗೆ ಬಿಸ್ಕತ್ತನ್ನೂ ಕೊಡಬೇಡಿ. ಎರಡು ದಿನ ಬಿಟ್ಟು ಮತ್ತೆ ಮಾಡಿ. ಶಾಲೆಯಿಂದ ಬಂದ ಅರ್ಧ ಗಂಟೆಯೊಳಗೆ ತಿಂಡಿ ಮುಗಿಯಲಿ, ಊಟದವರೆಗೆ ಮತ್ತೇನೂ ಬೇಡ. ಎರಡು ವಾರ ಹೀಗೆ ನಡೆಸಿಯೂ ಮಗು ಊಟ ಒಲ್ಲೆನೆಂದರೆ, ಬೇಗ ಸುಸ್ತಾಗುತ್ತಿದ್ದರೆ, ಟಾನಿಕ್ ಕೊಳ್ಳುವ ಮೊದಲು ವೈದ್ಯರಿಗೆ ತೋರಿಸಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.