ಮಿತಿಯೊಳಗಿನ ಹೊಗೆ, ಮಿತಿ ಮೀರಿದ ಉರಿಯೂತ

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಸಮೀಕ್ಷೆ ಮುಖ್ಯವಾಗಿ ಅಳೆದದ್ದು ಕಸ ವಿಲೇವಾರಿ ಮತ್ತು ಶೌಚ ವ್ಯವಸ್ಥೆಯನ್ನು. ಗುಡಿಸಿದ ಬೀದಿಯ ಮೇಲೂ ಹೊಗೆ ಕವಿಯಬಲ್ಲುದು ಎಂಬುದಕ್ಕೆ ಸಂಜೆಯ ಸಯ್ಯಾಜಿರಾವ್ ರಸ್ತೆಯೇ ಸಾಕ್ಷಿ.

ವಾಹನದ ಹೊಗೆಯಲ್ಲಿರುವ ಅತಿಸೂಕ್ಷ್ಮ ಕಣಗಳು ಮೂಗಿನ ತಡೆಯನ್ನು ದಾಟಿ ಶ್ವಾಸನಾಳಗಳ ಒಳಪೊರೆಯ ಮೇಲೆ ನೆಲೆಸುತ್ತವೆ. ಪೊರೆಯ ಜೀವಕೋಶಗಳು ಇದನ್ನು ಆಕ್ರಮಣವೆಂದೇ ಬಗೆದು ರಾಸಾಯನಿಕ ಸಂಕೇತಗಳನ್ನು ಹೊರಡಿಸುತ್ತವೆ. ರಕ್ತದಿಂದ ಬಿಳಿಕಣಗಳು ಅಲ್ಲಿಗೆ ಧಾವಿಸುತ್ತವೆ. ಪೊರೆ ಊದಿಕೊಂಡು ಕಫ ಹೆಚ್ಚುತ್ತದೆ. ಇದೇ ಉರಿಯೂತ.

ಇದಕ್ಕೆ ಆಸ್ತಮಾ ರೋಗಿಯೇ ಆಗಿರಬೇಕೆಂದಿಲ್ಲ. ಡಾ. ಸಂದೀಪ್ ಸಾಳ್ವಿ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15 ಮಂದಿ ಆರೋಗ್ಯವಂತರು ಒಂದೇ ಗಂಟೆಯ ಕಾಲ ತೆಳುಗೊಳಿಸಿದ ಡೀಸೆಲ್ ಹೊಗೆಯನ್ನು ಉಸಿರಾಡಿದರು. ಆರು ಗಂಟೆಗಳ ಬಳಿಕ ಅವರ ಶ್ವಾಸನಾಳದಲ್ಲಿ ಬಿಳಿಕಣಗಳು ಏರಿದ್ದವು. ಊದಿ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ! ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯ ಸಂಗತಿ. ರೋಗಿಗೆ ಏದುಸಿರು ಬರುವ ಮೊದಲೇ ಒಳಗೆ ಹಾನಿ ಆರಂಭವಾಗಿರುತ್ತದೆ. ಈಗಾಗಲೇ ಆಸ್ತಮಾ ಇದ್ದವರ ಸ್ಥಿತಿ ಇನ್ನೂ ಸ್ಪಷ್ಟ. 2007ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ 60 ಮಂದಿ ಆಸ್ತಮಾ ಪೀಡಿತರು ಡೀಸೆಲ್ ಬಸ್ಸುಗಳ ಆಕ್ಸ್‌ಫರ್ಡ್ ಬೀದಿಯಲ್ಲಿಯೂ ಹೈಡ್ ಪಾರ್ಕಿನಲ್ಲಿಯೂ ಎರಡೆರಡು ಗಂಟೆ ನಡೆದರು. ಬೀದಿಯಲ್ಲಿ ನಡೆದಾಗ ಉಸಿರಿನ ಸಾಮರ್ಥ್ಯ ಶೇ 6ರವರೆಗೆ ಕುಸಿಯಿತು. ಉದ್ಯಾನದಲ್ಲಿ ಶೇ 2ರ ಆಸುಪಾಸು.

ನಮ್ಮ ಅಳತೆಗೋಲುಗಳು ಇದನ್ನು ಹಿಡಿಯುವುದಿಲ್ಲ. ಹೊಗೆ ತಪಾಸಣಾ ಕೇಂದ್ರಗಳು ಪೆಟ್ರೋಲ್ ವಾಹನದ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನೂ ಡೀಸೆಲ್ ಹೊಗೆಯ ದಟ್ಟಣೆಯನ್ನೂ ನೋಡುತ್ತವೆಯೇ ಹೊರತು ಸೂಕ್ಷ್ಮ ಕಣಗಳನ್ನು ಎಣಿಸುವುದಿಲ್ಲ. ವಾಯುಗುಣಮಟ್ಟದ ವರದಿ 24 ಗಂಟೆಗಳ ಅಥವಾ ವರ್ಷದ ಸರಾಸರಿಯನ್ನು ಕೊಡುತ್ತದೆ. ಕೆ.ಆರ್. ವೃತ್ತದ ಸಂಚಾರ ಪೇದೆ ಸರಾಸರಿಯನ್ನು ಉಸಿರಾಡುವುದಿಲ್ಲ. ‘ಮಿತಿಯೊಳಗಿದೆ’ ಎಂಬ ಕಡತದ ಮಾತು ನನಗೆ ಚಿರಪರಿಚಿತ. ಆದರೆ ಯಾರ ಮಿತಿ? 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ 2009ರಲ್ಲಿ ನಾವು ನಿಗದಿಪಡಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5.

ಅರ್ಥಶಾಸ್ತ್ರಜ್ಞ ಪಿಗೂ 1920ರಷ್ಟು ಹಿಂದೆಯೇ ಕಾರ್ಖಾನೆಯ ಹೊಗೆಯನ್ನು ಉದಾಹರಿಸಿ, ಒಬ್ಬರ ಉತ್ಪಾದನೆಯ ವೆಚ್ಚವನ್ನು ಮತ್ತೊಬ್ಬರು ಹೊರಬೇಕಾಗುವ ಅನ್ಯಾಯವನ್ನು ತೋರಿಸಿದ್ದ. ಇಲ್ಲಿಯೂ ಅದೇ ಕಥೆ: ಕಾರಿನ ಗಾಜು ಏರಿಸಿಕೊಂಡವನು ಹೊಗೆ ಬಿಟ್ಟು ಸಾಗುತ್ತಾನೆ, ಇನ್‌ಹೇಲರ್‌ನ ಬೆಲೆಯನ್ನು ಪಾದಚಾರಿ ಮಾರ್ಗದ ಹೂವಾಡಗಿತ್ತಿ ತೆರುತ್ತಾಳೆ.

2020ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಬಿ.ಎಸ್. 6 ಮಾನದಂಡ ಬಂದಿರುವುದು ದೊಡ್ಡ ಹೆಜ್ಜೆಯೇ ಸರಿ. ಹಳೆಯ ಬಸ್ಸು, ಲಾರಿಗಳು ಮಾತ್ರ ಇನ್ನೂ ರಸ್ತೆಯಲ್ಲಿವೆ. ಅವು ತೊಲಗುವವರೆಗೆ ಕಾಯಬೇಕಿಲ್ಲ. ಬಸ್ ನಿಲ್ದಾಣದಲ್ಲಿ, ಶಾಲೆಗಳ ಮುಂದೆ ನಿಂತ ವಾಹನದ ಎಂಜಿನ್ ಆರಿಸುವುದನ್ನು ಕಡ್ಡಾಯಗೊಳಿಸಬಹುದು. ಸಂಚಾರ ಪೇದೆಗಳ ಪಾಳಿಯನ್ನು ದಟ್ಟಣೆಯ ವೃತ್ತಗಳಲ್ಲಿ ಮೊಟಕುಗೊಳಿಸಬಹುದು. ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ಸಾರಿಗೆ ಮತ್ತು ಪೊಲೀಸ್ ಇಲಾಖೆಗಳಿಂದ ತಲಾ ಒಂದು ಸುತ್ತೋಲೆ ಹೊರಟರೆ ಆರಂಭಕ್ಕೆ ಸಾಕು.