ಮಾಸಿನ ಬೇರು ಮತ್ತು ಆಮ್ಲಜನಕ

ಕಾಕನಕೋಟೆಯೆಂದೊಡನೆ ನೆನಪಿಗೆ ಬರುವುದು ಆನೆ. ಅಲ್ಲಿ ಖೆಡ್ಡದ ಕಾಲ 1971ಕ್ಕೆ ಮುಗಿಯಿತು. ಆದರೂ ಬೇಸಗೆಯಲ್ಲಿ ಕಬಿನಿಯ ದಂಡೆಗೆ ಇಳಿಯುವ ಹಿಂಡುಗಳಲ್ಲಿ ತಾಯಿಯ ಮಗ್ಗುಲಿಗೆ ಅಂಟಿ ನಡೆಯುವ ಮರಿಗಳನ್ನು ಇಂದಿಗೂ ಕಾಣಬಹುದು. ಅಂತಹ ಮರಿ ಗರ್ಭದಲ್ಲಿ ಬೆಳೆಯುವುದು ಸುಮಾರು 22 ತಿಂಗಳು. ಅದನ್ನು ಪೋಷಿಸುವ ಮಾಸು ಭ್ರೂಣದ ಚೀಲವನ್ನು ನಡುಕಟ್ಟಿನಂತೆ ಬಳಸಿರುತ್ತದೆ. ಅದು ತಾಯಿಯ ಸೂಕ್ಷ್ಮ ರಕ್ತನಾಳಗಳನ್ನು ಸುತ್ತುವರಿದು ನಿಲ್ಲುತ್ತದೆಯೇ ಹೊರತು ಅವುಗಳ ಗೋಡೆಯನ್ನು ಒಡೆಯುವುದಿಲ್ಲ.

ಒಂಬತ್ತು ತಿಂಗಳಷ್ಟೇ ಗರ್ಭದಲ್ಲಿರುವ ಮನುಷ್ಯಶಿಶುವಿನ ಮಾಸಾದರೋ ಬಲು ಸಾಹಸಿ. ಅದರ ಜೀವಕೋಶಗಳು ಗರ್ಭಕೋಶದ ಭಿತ್ತಿಯೊಳಕ್ಕೆ ಬೇರಿನಂತೆ ಇಳಿಯುತ್ತವೆ. ಅಲ್ಲಿನ ಸುರುಳಿ ಧಮನಿಗಳನ್ನು ಹೊಕ್ಕು, ಅವುಗಳ ಸ್ನಾಯುಪದರವನ್ನು ನೀಗಿಸಿ, ಇಕ್ಕಟ್ಟಾದ ಕೊಳವೆಗಳನ್ನು ಅಗಲವಾದ ಕಾಲುವೆಗಳನ್ನಾಗಿ ಮಾರ್ಪಡಿಸುತ್ತವೆ. ಮುಂದೆ ತಾಯಿಯ ರಕ್ತವು ಮಾಸಿನ ಕವಲುಗಳನ್ನು ನೇರವಾಗಿ ತೋಯಿಸುತ್ತದೆ. ಹಾಗಿದ್ದರೂ ತಾಯಿಯ ಮತ್ತು ಶಿಶುವಿನ ರಕ್ತಗಳು ಒಂದರೊಡನೊಂದು ಬೆರೆಯವು.

ಈ ಬೇರು ಮಿತಿಮೀರಿ ಇಳಿದರೆ ಹೆರಿಗೆಯ ಬಳಿಕ ಮಾಸು ಕಳಚದೆ ಭಾರಿ ರಕ್ತಸ್ರಾವವಾಗುವ ಭಯವುಂಟು. ಸಾಕಷ್ಟು ಇಳಿಯದಿದ್ದರೆ ಧಮನಿಗಳು ಇಕ್ಕಟ್ಟಾಗಿಯೇ ಉಳಿಯುತ್ತವೆ. ಹಾಗಾದರೆ ಕೋಶಗಳಿಗೆ ಹೊತ್ತುಗೊತ್ತನ್ನು ತಿಳಿಸುವವರು ಯಾರು? ಅಂತಹ ಸಂಕೇತಗಳಲ್ಲಿ ಮುಖ್ಯವಾದದ್ದೊಂದು ಆಮ್ಲಜನಕ.

ಆಮ್ಲಜನಕ ಹೆಚ್ಚಿದಷ್ಟೂ ಭ್ರೂಣಕ್ಕೆ ಒಳಿತೆಂದು ವಾಚಕರು ಭಾವಿಸಬಹುದು. ಆದರೆ ಎಂಟನೆಯ ವಾರದಲ್ಲಿ ಮಾಸಿನೊಳಗೆ ಆಮ್ಲಜನಕದ ಒತ್ತಡ ಪಾದರಸದ 20 ಮಿಲಿಮೀಟರಿಗಿಂತಲೂ ಕಡಿಮೆ. ಏಕೆಂದರೆ ಮಾಸಿನ ಕೋಶಗಳೇ ಧಮನಿಗಳ ಬಾಯಿಗೆ ಬಿರಡೆಯಂತೆ ಕುಳಿತು ರಕ್ತವನ್ನು ತಡೆದಿರುತ್ತವೆ. ಆಗ ಭ್ರೂಣಕ್ಕೆ ಗರ್ಭಕೋಶದ ಗ್ರಂಥಿಗಳ ಸ್ರಾವವೇ ಆಹಾರ. ಅತಿಯಾದ ಆಮ್ಲಜನಕದಿಂದ ಎಳೆಯ ಅಂಗಗಳಿಗೆ ಹಾನಿ ತಟ್ಟೀತು. ಆದುದರಿಂದ ಈ ಕೊರತೆ ಒಂದು ರಕ್ಷಣೆಯೇ ಸರಿ. ಹನ್ನೆರಡನೆಯ ವಾರದ ವೇಳೆಗೆ ಬಿರಡೆಗಳು ಸಡಿಲಗೊಂಡು ಒತ್ತಡ ಸುಮಾರು 60 ಮಿಲಿಮೀಟರಿಗೆ ಏರುತ್ತದೆ.

1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೆನ್‌ಬಾಸೆವ್, ಫಿಶರ್ ಮತ್ತು ಸಂಗಡಿಗರು ಮಾಸಿನ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಶೇಕಡ 2ರ ಆಮ್ಲಜನಕದಲ್ಲಿ ಕೋಶಗಳು ಸಂಖ್ಯೆಯಲ್ಲಿ ಹೆಚ್ಚುತ್ತಲೇ ಹೋದವು. ಶೇಕಡ 20ರಲ್ಲಿ ವಿಭಜನೆಯನ್ನು ನಿಲ್ಲಿಸಿ ಒಳನುಗ್ಗುವ ರೂಪವನ್ನು ತಾಳಿದವು. ಮೊದಲು ಸೈನ್ಯ ಜಮಾವಣೆ, ಅನಂತರ ದಂಡಯಾತ್ರೆ! ಆದರೆ 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಮ್ಲಜನಕ ಕಡಿಮೆಯಿರುವ ಗಾಳಿಯಲ್ಲಿ ಇರಿಸಿದ ಗರ್ಭಿಣಿ ಇಲಿಗಳಲ್ಲಿ ಕೋಶಗಳು ಇನ್ನೂ ಆಳಕ್ಕೆ ಇಳಿದಿದ್ದವು. ಕೊರತೆ ಎಷ್ಟು ಎಂಬುದಷ್ಟೇ ಅಲ್ಲ, ಯಾವಾಗ ಮತ್ತು ಎಷ್ಟು ಕಾಲ ಎಂಬುದೂ ಮುಖ್ಯವೆಂದು ಇದರಿಂದ ತೋರುತ್ತದೆ.

ಧಮನಿಗಳು ಸರಿಯಾಗಿ ಅಗಲವಾಗದಿರುವುದಕ್ಕೂ ಪ್ರಿ-ಎಕ್ಲಾಂಪ್ಸಿಯ ಎಂಬ ರೋಗಕ್ಕೂ ಹತ್ತಿರದ ಸಂಬಂಧವಿದೆ. ಇಪ್ಪತ್ತನೆಯ ವಾರದ ಅನಂತರ ಗರ್ಭಿಣಿಯ ರಕ್ತದೊತ್ತಡ 140/90ಕ್ಕೆ ಅಥವಾ ಅದಕ್ಕೂ ಮೇಲೆ ಏರುತ್ತದೆ. ಅನೇಕ ವೇಳೆ ಮೂತ್ರದಲ್ಲಿ ಪ್ರೋಟೀನು ಕಾಣುತ್ತದೆ. ಅಲಕ್ಷಿಸಿದರೆ ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಲಕ್ಷಣ ತೋರುವುದು ತಡವಾಗಿ. ಬೀಜ ಬೀಳುವುದು ಮೊದಲ ತಿಂಗಳುಗಳಲ್ಲಿ. ಅಪಾಯ ಹೆಚ್ಚಿರುವವರಿಗೆ ವೈದ್ಯರು ಕೊಡುವ ಅಲ್ಪ ಪ್ರಮಾಣದ ಆಸ್ಪಿರಿನ್ ಕೂಡ ಹದಿನಾರನೆಯ ವಾರಕ್ಕೆ ಮೊದಲೇ ಆರಂಭವಾದರೆ ಹೆಚ್ಚು ಫಲಕಾರಿ.

ಆದುದರಿಂದ ಕಾಡಂಚಿನ ಹಾಡಿಯಾಗಲಿ, ಹುಣಸೂರಿನ ಪೇಟೆಯಾಗಲಿ, ಗರ್ಭಿಣಿಯು ಹೊಟ್ಟೆ ಕಾಣುವವರೆಗೆ ಕಾಯದೆ ಮೊದಲ ಮೂರು ತಿಂಗಳೊಳಗೇ ವೈದ್ಯರನ್ನು ಕಾಣಬೇಕು. ಬೇರಿಳಿಯುವ ಕಾಲ ಅದೇ.